ಎಡಗೈಗೆ ಕಟ್ಟಿದ ಕೆಂಪು ರಿಬ್ಬನ್

ಮುಂದೆ ಓಡುವವನ ಬಲಗಾಲಿನ ಹಿಮ್ಮಡಿ ಒಳಕ್ಕೆ ವಾಲುತ್ತಿದೆ, ಹೆಜ್ಜೆಗೊಮ್ಮೆ ಬೂಟಿನ ಅಂಚು ಡಾಂಬರಿಗೆ ತಾಗಿ ಚರ್ ಎನ್ನುತ್ತದೆ, ಇನ್ನೆರಡು ಮೈಲಿಗೆ ಇವನ ಮೊಣಕಾಲು ಹಿಡಿಯುವುದು ಖಂಡಿತ — ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಮಕ್ಕಳ ಕಾಲು ನೋಡಿ ಪಳಗಿದ ಕಣ್ಣು, ನಿವೃತ್ತಿಯಾಗಿ ಎಂಟು ತಿಂಗಳಾದರೂ ಸೋಮಪ್ಪನ ಮಾತು ಕೇಳುವುದಿಲ್ಲ, ನೋಡಿಯೇ ನೋಡುತ್ತದೆ. ಕರೆದು ಹೇಳೋಣವೆಂದರೆ ಉಸಿರಿಲ್ಲ. ನೇಸರಗಿ ರಸ್ತೆ, ಎರಡೂ ಕಡೆ ಬಿಳಿಜೋಳ, ಅಂಚಿನಲ್ಲಿ ಕುಸುಬಿಯ ಸಾಲು, ತೆನೆಗಳ ಮೇಲೆ ಇನ್ನೂ ಇಬ್ಬನಿ, ಕಬ್ಬಿನ ಟ್ರ್ಯಾಕ್ಟರು ಬೀಳಿಸಿ ಹೋದ ಒಂದು ಜಲ್ಲೆ ನಡುರಸ್ತೆಯಲ್ಲಿ, ದಾಟಿದ, ಎಂಟನೆಯ ಕಿಲೋಮೀಟರಿನ ಕಲ್ಲು ಹಿಂದೆ ಬಿತ್ತು. ಇನ್ನು ಎರಡೂವರೆ. ಆಮೇಲೆ ಬೇವಿನ ಮರ, ಮರದ ಕೆಳಗೆ ಮೇಜು, ಮೇಜಿನ ಮೇಲೆ ರಿಬ್ಬನ್ನು. ಬೈಲಹೊಂಗಲದ ಮೈದಾನದಿಂದ ಹೊರಟು ಅಲ್ಲಿಯವರೆಗೆ ಹೋಗಿ ತಿರುಗಿದ್ದಕ್ಕೆ ಗುರುತು ಅದು, ಎಡಗೈಯ ಮಣಿಕಟ್ಟಿಗೆ ಕಟ್ಟುತ್ತಾರೆ, ಓಟ ಮುಗಿಯುವ ಗೆರೆಯಲ್ಲಿ ಕೈ ಎತ್ತಿ ತೋರಿಸಬೇಕು, ಇಲ್ಲದವನ ಓಟ ಲೆಕ್ಕಕ್ಕಿಲ್ಲ. ನಿಯಮ ಬರೆದವನು ತಾನೇ, ಗಂಟು ಹಾಕುವುದನ್ನು ಕಲಿಸಿದವನೂ ತಾನೇ, ತೊಂಬತ್ನಾಲ್ಕರ ಜನವರಿಯಲ್ಲಿ, ಹದಿನಾಲ್ಕು ವರ್ಷವಾಯಿತು. ಶಿವದಾರಕ್ಕೆ ಹಾಕುವ ಗಂಟು. ಐದನೆಯ ವಯಸ್ಸಿನಲ್ಲಿ ಅಯ್ಯನವರು ಕೊರಳಿಗೆ ಲಿಂಗ ಕಟ್ಟಿದ ದಿನದಿಂದ ದಾರ ಹಳತಾಗಿ ಹೊಸತು ಬಂದಿದೆ, ಗಂಟು ಒಂದು ಸಲವೂ ಸಡಿಲವಾಗಿಲ್ಲ, ನೀರು ಬಿದ್ದಷ್ಟೂ ಬಿಗಿಯುತ್ತದೆ. ಈಗಲೂ ಬನಿಯನ್ನಿನೊಳಗೆ ಧೋತರದ ಪಟ್ಟಿಯಿಂದ ಬಿಗಿದ ಲಿಂಗದ ಕರಡಿಗೆ ಎದೆಗೆ ಮೆಲ್ಲಗೆ ಬಡಿಯುತ್ತಿದೆ, ಹೆಜ್ಜೆಗೊಂದು ಬಡಿತ, ಶಿವ ಶಿವ, ಶಿವ ಶಿವ, ಉಸಿರಿಗೆ ತಾಳ. ಆ ಗಂಟು ಬಿಚ್ಚದು ಎಂದು ತಾನು ಸಾವಿರ ಜನರ ಎದುರು ಹೇಳಿದ್ದ. ಅದಕ್ಕೇ ಇಂದು ಐವತ್ತೆಂಟರಲ್ಲಿ ಈ ಇಪ್ಪತ್ತೊಂದು ಕಿಲೋಮೀಟರು — ಬಿಚ್ಚುತ್ತದೆಯೋ ಇಲ್ಲವೋ, ಅಷ್ಟೇ ತಿಳಿಯಬೇಕು. ರಿಬ್ಬನ್ ಉಳಿದರೆ ತಮ್ಮ ಸುಭಾಸ ಲಿಂಗ ಮುಟ್ಟಿ ಸುಳ್ಳು ಹೇಳಿ ಸತ್ತವನು. ಬಿದ್ದರೆ ಪಾಪ ತನ್ನದು. ಎರಡರಲ್ಲಿ ಯಾವುದನ್ನು ಕೊಡು ಎಂದು ಇಂದು ಬೆಳಗಿನ ಪೂಜೆಯಲ್ಲಿ ಬಾಯಿಬಿಟ್ಟು ಕೇಳಲಾಗಲಿಲ್ಲ.

ಒಂಬತ್ತು. ಎಡ ಪಕ್ಕೆಯಲ್ಲಿ ಚಳಕು, ಬರಲಿ, ಹೋಗುತ್ತದೆ, ಸುಭಾಸ ಹೇಳುತ್ತಿದ್ದ, ಅಣ್ಣಾ ಅದು ಬೀಗರಿದ್ದಂಗ, ಮಾತಾಡಸಬಾರದು, ತಾನಽ ಎದ್ದು ಹೋಗತೈತಿ. ಹದಿನೈದು ವರ್ಷಕ್ಕೆ ಚಿಕ್ಕ ತಮ್ಮ, ಅವ್ವ ಹೋದ ಮೇಲೆ ತನ್ನ ಕೈಯಲ್ಲೇ ಬೆಳೆದವನು, ಬಸ್ ಸ್ಟ್ಯಾಂಡಿನ ಹಿಂದೆ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ, ಹಗಲೆಲ್ಲ ತಾಮ್ರದ ತಂತಿ, ನಸುಕಿನಲ್ಲಿ ಓಟ. ತೊಂಬತ್ತೆರಡರಲ್ಲಿ ರಾಮದುರ್ಗದ ಹತ್ತು ಮೈಲಿ, ನಾಲ್ಕನೆಯವನಾಗಿ ಬಂದು ಕಾಲುಚೀಲ ಕಳಚಿದರೆ ಹೆಬ್ಬೆರಳಿನ ಉಗುರು ಚೀಲದೊಳಗೇ ಉಳಿದಿತ್ತು, ಅಂಗೈಯಲ್ಲಿ ಹಿಡಿದು ನೋಡಿ, ಇದನ್ನ ಇವರ ಊರಾಗಽ ಬಿಟ್ಟ ಹೋಗೂಣೇನಣ್ಣಾ, ಮುಂದಿನ ವರ್ಷ ಬಂದು ಒಯ್ದರಾತು ಎಂದು ನಕ್ಕ. ಸವದತ್ತಿಯಲ್ಲಿ ಗುಡ್ಡದ ಏರು, ಎರಡನೆಯವ, ಏರಿನಾಗ ದೇವಿ ಬೆನ್ನಿಗಿ ಕೈ ಕೊಟ್ಟಿದ್ಲು, ಇಳಿಜಾರಿನಾಗ ಬ್ಯಾರೆಯವರ ಕಡಿ ಹೋದ್ಲು ಎಂದ. ಎಲ್ಲ ಕಡೆ ತಾನು ಸೈಕಲ್ಲಿನ ಮೇಲೆ ಹಿಂದೆ ಹಿಂದೆ, ಕ್ಯಾರಿಯರಿನಲ್ಲಿ ನಿಂಬೆಹಣ್ಣು, ಉಪ್ಪು, ಗ್ಲೂಕೋಸಿನ ಡಬ್ಬಿ, ಭುಜ ಇಳಿಸೋ, ಮುಷ್ಟಿ ಬಿಗಿಬ್ಯಾಡೋ ಎಂಬ ಕೂಗು. ಎಲ್ಲಿಯೂ ಮೊದಲನೆಯವನಾಗಿರಲಿಲ್ಲ. ಆದದ್ದು ಒಮ್ಮೆ, ಸ್ವಂತ ಊರಲ್ಲಿ, ತಾನೇ ಗೆರೆಯ ಹತ್ತಿರ ಪಂಚನಾಗಿ, ತೀರ್ಪು ಹೇಳುವವನಾಗಿ ನಿಂತ ದಿನ. ಗೇಟಿನಲ್ಲಿ ಅವನ ಹಸಿರು ಬನಿಯನ್ನು ಕಂಡಾಗ ತನ್ನ ಕೈಯಲ್ಲಿದ್ದ ಸೀಟಿ ತಾನಾಗಿಯೇ ಬಾಯಿಗೆ ಬಂದಿತ್ತು, ಊದಲಿಲ್ಲ, ಪಂಚ ಊದಬಾರದು. ಗೆರೆ ದಾಟಿ ಬಂದ, ಎಡಗೈ ಎತ್ತಿದ, ಬಿಸಿಲಿಗೆ ಎದುರಾಗಿ ಎತ್ತಿದ ಆ ಕೈ ತುಂಬ ಬೆವರು ಹೊಳೆಯುತ್ತಿತ್ತು, ಮಣಿಕಟ್ಟು ಬರಿದು. ಸುಭಾಸ, ರಿಬ್ಬನ್ ಎಲ್ಲಿ? ಅವನು ತನ್ನ ಕೈಯನ್ನೇ ಇನ್ನೊಬ್ಬರ ಕೈಯೆಂಬಂತೆ ತಿರುಗಿಸಿ ನೋಡಿದ. ಕಟ್ಟಿದ್ರಣ್ಣಾ, ಕಟ್ಟಿದ್ರು, ಎಲ್ಲಿ ಬಿತ್ತೋ ತಿಳೀವಲ್ದು. ಮರದ ಕೆಳಗೆ ಕಟ್ಟಿದವನನ್ನು ಕರೆಸಿದರೆ, ಎಂಟ ಮಂದಿ ಒಮ್ಮಿಗೇ ಕೈ ಚಾಚಿದ್ರ್ರಿ ಸರ, ಯಾರ ಕೈ ಯಾರದಂತ ನೋಡ್ಲಿ. ಎರಡನೆಯವನಾಗಿ ಬಂದವನು ನೀರು ಉಗುಳಿ ಹೇಳಿದ, ಹೋಗುವಾಗ ನಮ್ಮ ಕೂಡ ಇದ್ದ, ಬರುವಾಗ ಮುಂದ ಇದ್ದ, ಎಲ್ಲಿ ತಿರುಗ್ಯಾನೋ ಆ ಜೋಳಕ್ಕಽ ಗೊತ್ತು. ಜನ ನಕ್ಕರು. ಮಾಸ್ತರು ಏನು ಮಾಡುತ್ತಾರೆಂದು ಎಲ್ಲರ ಕಣ್ಣು ತನ್ನ ಮೇಲೆ. ಆಗ ಸುಭಾಸ ಬಲಗೈಯನ್ನು ಎದೆಯ ಮೇಲಿನ ಕರಡಿಗೆಗೆ ಒತ್ತಿ, ಎಡಗೈ ಇನ್ನೂ ಮೇಲೆಯೇ, ಲಿಂಗದಾಣಿ ಹೋಗಿ ಬಂದೇನಣ್ಣಾ ಎಂದ. ತಾನು ಏನೆಂದ? ನಿಯಮದಾಗ ಲಿಂಗ ಬರೂದಿಲ್ಲ, ರಿಬ್ಬನ್ ಬರತೈತಿ. ಹಾಗೆಂದ. ನನ್ನ ಗಂಟು ಬಿಚ್ಚೂದಿಲ್ಲ ಎಂದೂ ಅಂದ. ಅವನ ನಂಬರಿನ ಮೇಲೆ ಕೆಂಪು ಗೆರೆ ಎಳೆದ, ಊರು ಹೊಗಳಿತು, ಸ್ವಂತ ತಮ್ಮನಾದ್ರೂ ಬಿಡಲಿಲ್ಲ ನೋಡ್ರಿ ಎಂದಿತು, ಆ ಹೊಗಳಿಕೆ ಸಿಹಿಯಾಗಿಯೇ ಇತ್ತು, ಸುಳ್ಳೇಕೆ.

ಹತ್ತು. ಬೇವಿನ ಮರ ಕಾಣುತ್ತಿದೆ, ಅದೇ ಮರ, ಆಗ ಇಷ್ಟು ದೊಡ್ಡದಿರಲಿಲ್ಲ. ಮುಂದಿದ್ದ ಬೂಟಿನವನು ಕೊನೆಗೂ ನಡೆಯತೊಡಗಿದ್ದಾನೆ, ದಾಟಿ ಹೋಗುವಾಗ ನೋಡುವುದಿಲ್ಲ. ಸುಭಾಸ ಮತ್ತೆ ಓಡಲಿಲ್ಲ. ಸಿಟ್ಟಾಗಲಿಲ್ಲ, ಮಾತು ಬಿಡಲಿಲ್ಲ, ಅದೇ ಮನೆಯಲ್ಲಿ ಅದೇ ಪಂಕ್ತಿಯಲ್ಲಿ ಹನ್ನೆರಡು ವರ್ಷ ಉಂಡ, ಮಳೆ ಬೆಳೆ ಕರೆಂಟು ಎಲ್ಲ ಮಾತಾಡಿದ, ಅದೊಂದನ್ನು ಆಡಲಿಲ್ಲ, ತಾನೂ ಆಡಲಿಲ್ಲ. ಎರಡು ಸಾವಿರದ ಆರರ ಶ್ರಾವಣದಲ್ಲಿ ಕಾಮಾಲೆ, ಹದಿನೇಳು ದಿನ, ಕಣ್ಣು ಕುಸುಬಿ ಹೂವಾಗಿತ್ತು. ಹೋದ. ಹೆಣ ಕುಳ್ಳಿರಿಸಿದರು, ವಿಭೂತಿ ಹಚ್ಚಿದರು, ಹಿರಿಯನೆಂದು ತನ್ನನ್ನೇ ಸಮಾಧಿಯ ಕುಣಿಗೆ ಇಳಿಸಿದರು, ಅಯ್ಯನವರು ಮೇಲಿನಿಂದ, ಎಡಗೈಯಾಗ ಲಿಂಗ ಇಡ್ರಿ ಮಾಸ್ತರ ಎಂದರು. ಅವನ ಅಂಗೈಯನ್ನು ಮೇಲ್ಮುಖ ಮಾಡಿ ಬಿಡಿಸಿ ಇಟ್ಟ. ಬೆರಳು ತಣ್ಣಗಿದ್ದವು. ಮಣಿಕಟ್ಟು ಅಲ್ಲಿಯೇ ಇತ್ತು, ಬರಿದು, ಮಣ್ಣು ಬೀಳುವವರೆಗೆ ನೋಡಿದ. ಅಂದಿನಿಂದ ಪ್ರತಿ ಬೆಳಿಗ್ಗೆ ತನ್ನ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ ದೃಷ್ಟಿ ಲಿಂಗದ ಮೇಲೆ ನಿಲ್ಲುವುದಿಲ್ಲ, ನಾಲ್ಕು ಬೆರಳು ಕೆಳಗೆ ಜಾರುತ್ತದೆ. ವರ್ಷಾಂತಿಕದ ಮರುದಿನ ಬಳೆ ಅಂಗಡಿಗೆ ಹೋಗಿ ಅಂಥದೇ ಕೆಂಪು ಸ್ಯಾಟಿನ್ ರಿಬ್ಬನ್ ತಂದು ಹಲ್ಲಿನಿಂದ ಗಂಟು ಬಿಗಿದುಕೊಂಡ, ಸ್ನಾನ ಮಾಡಿದ, ಬಾವಿಯಿಂದ ನೀರು ಸೇದಿದ, ಕಟ್ಟಿಗೆ ಒಡೆದ, ಮೂರು ದಿನ, ಬಿಚ್ಚಲಿಲ್ಲ, ಕತ್ತರಿಯಿಂದ ಕತ್ತರಿಸಬೇಕಾಯಿತು. ಮೂರು ದಿನದ ಕೊನೆಗೆ ಸುಭಾಸ ಸುಳ್ಳನಾಗಿಯೇ ಉಳಿದ. ಆದರೆ ಬಾವಿಯ ಕಟ್ಟೆ ರಸ್ತೆಯಲ್ಲ. ಮರುದಿನ ನಸುಕಿನಲ್ಲಿ ಬೂಟು ತೊಟ್ಟ. ಸುಭಾಸನ ಹೆಂಡತಿ ಸಾವಂತ್ರೆವ್ವ ಅಂಗಳ ಸಾರಿಸುತ್ತಿದ್ದವಳು ಕೈ ನಿಲ್ಲಿಸಿ, ಭಾವಾರ, ಈ ವಯಸ್ಸಿನ್ಯಾಗ ಓಡಿ ಯಾರ್ನ ಹಿಡಿಯೂದೈತ್ರಿ ಎಂದಳು. ಬೂಟಿನ ದಾರ ಬಿಗಿದು ಹೊರಬಿದ್ದ. ಕಿತ್ತೂರಿನಲ್ಲಿ ಹತ್ತು ಕಿಲೋಮೀಟರು ಓಡಿ ನೋಡಿದ, ಹೆದ್ದಾರಿಯ ಲಾರಿಗಳ ಹೊಗೆ, ಕೊನೆಯಿಂದ ಎರಡನೆಯವ, ಅಂಬ್ಯುಲೆನ್ಸು ಬೆನ್ನಿಗೇ ತೆವಳುತ್ತಿತ್ತು, ಅದರ ಡ್ರೈವರು ತಲೆ ಹೊರಗೆ ಹಾಕಿ, ಅಜ್ಜಾರ, ಹತ್ರಿ ಹತ್ರಿ, ಗಾಡಿ ಖಾಲಿ ಐತಿ, ಹೆಂಗೂ ನಾ ಅಲ್ಲಿಗೇ ಹೊಂಟೇನಿ ಎಂದ. ನೀ ನಡಿಯಪ್ಪಾ, ನಿನ್ನ ಗಾಡಿ ಹತ್ತೂ ಟೈಮ್ ಬಂದಾಗ ನಾ ಕೇಳಂಗಿಲ್ಲ, ನೀನಽ ಎತ್ತಿ ಹಾಕ್ಕೋತೀ.

ಮೇಜು. ಕಾಲೇಜಿನ ಹುಡುಗಿ, ಎದೆಗೆ ಸ್ನೇಹಲ್ ಎಂಬ ಚೀಟಿ, ಕುಂದರ್ರಿ ಅಜ್ಜಾರ, ಸ್ವಲ್ಪ ದಮ್ ತಗೋರಿ. ಕುಂತ್ರ ಏಳೂದಿಲ್ಲವಾ, ಕಟ್ಟು. ಕಟ್ಟಿದಳು. ನೋಡಿದ, ತಾನು ಕಲಿಸಿದ ಗಂಟೇ, ಯಾರಿಂದ ಯಾರಿಗೆ ಬಂದು ಇವಳ ಬೆರಳಿಗೆ ಮುಟ್ಟಿತೋ. ಎರಡ ಗಂಟ ಹಾಕ್ಲೇನ್ರಿ? ಬ್ಯಾಡವಾ, ಎಲ್ಲಾರಿಗೂ ಹೆಂಗೋ ಹಂಗ. ತಿರುಗಿದ. ಇನ್ನು ಮೈದಾನದವರೆಗೆ ಕೈ ನೋಡಕೂಡದು, ಕೈ ಮುಟ್ಟಕೂಡದು, ಸುಭಾಸ ನೋಡಿರಲಿಲ್ಲ. ಈಗ ಬಿಸಿಲು ಮುಖಕ್ಕೆ ನೇರ. ಹನ್ನೆರಡನೆಯ ಕಿಲೋಮೀಟರಿನವರೆಗೆ ಮಣಿಕಟ್ಟಿನಲ್ಲಿ ಅದರ ಅಂಚು ತುರಿಸುತ್ತಿತ್ತು, ಇದೆ, ಇದೆ. ಕಣ್ಣಿಗೆ ಬೆವರು ಇಳಿಯಿತು, ಎಡಗೈ ತಾನಾಗಿ ಎದ್ದು ಹಣೆಯನ್ನು ಒರೆಸಿತು, ಮಣಿಕಟ್ಟಿನ ಒಳಮಗ್ಗುಲಿನಿಂದ, ಬಲದಿಂದ ಎಡಕ್ಕೆ ಒಂದೇ ಎಳೆತ — ಅಪ್ಪ ಹೀಗೆಯೇ ಒರೆಸಿಕೊಳ್ಳುತ್ತಿದ್ದ, ನೇಗಿಲಿನ ಹಿಂದೆ ನಡೆಯುತ್ತ, ಸುಭಾಸನೂ ಹೀಗೆಯೇ, ಇಡೀ ಮನೆತನದಲ್ಲಿ ವಸ್ತ್ರದಿಂದ ಹಣೆ ಒರೆಸಿಕೊಂಡವರಿಲ್ಲ. ಬಾವಿಯ ಕಟ್ಟೆಯಲ್ಲಿ ಹಣೆ ಒರೆಸಿಕೊಂಡಿರಲಿಲ್ಲ, ಶ್ರಾವಣದ ತಂಪಿನಲ್ಲಿ ಕಟ್ಟಿಗೆ ಒಡೆದರೂ ಬೆವರು ಬಂದಿರಲಿಲ್ಲ. ಹದಿನಾಲ್ಕು, ಮತ್ತೆ ಒರೆಸಿದ. ಶಿವದಾರ ನೂಲಿನದು. ನೂಲು ನೀರು ಕುಡಿದು ಉಬ್ಬಿ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ, ಸ್ಯಾಟಿನ್ ನೀರು ಕುಡಿಯದು, ಬೆವರಿನಲ್ಲಿ ಎಳೆದರೆ ಜಾರುತ್ತದೆ. ತೊಂಬತ್ಮೂರರವರೆಗೆ ಇಲ್ಲಿಯೂ ನೂಲೇ ಕಟ್ಟುತ್ತಿದ್ದರು, ಬಣ್ಣ ಬಿಡುತ್ತದೆ, ದೂರಕ್ಕೆ ಕಾಣುವುದಿಲ್ಲ ಎಂದು ರಿಬ್ಬನ್ ತಂದವನು ತಾನು, ಗಂಟನ್ನು ಮಾತ್ರ ನೂಲಿನದನ್ನೇ ಉಳಿಸಿದ. ಹದಿನಾರು. ತೊಡೆಯ ನರ ಹೆಣೆದುಕೊಂಡಿತು, ನಿಂತು ಬಾಗಿ ತಿಕ್ಕಿದ, ಬಲಗೈಯೊಂದರಿಂದಲೇ, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿದ. ಗುಡಿಸಿಲ ಮುಂದಿನ ಮುದುಕಿ ತಂಬಿಗೆ ಹಿಡಿದು ಬಂದಳು, ಯಾ ಊರಾಂವಪಾ ನೀನು, ನಿನ್ನ ಹಿಂದ ಯಾರರ ಬೆನ್ನ ಹತ್ಯಾರೇನು? ಹತ್ಯಾರವಾ. ಕುಡಿದ, ಮಿಕ್ಕ ನೀರನ್ನು ಅವಳೇ ತಲೆಗೆ ಸುರಿದಳು, ಮುಖದ ಮೇಲೆ ಇಳಿಯಿತು, ಒರೆಸಿದ. ಮಣಿಕಟ್ಟಿನಲ್ಲಿ ಏನಾದರೂ ಇದೆಯೇ? ಕೈಯೇ ಇಲ್ಲದಂತಿದೆ, ಬೆರಳು ಜೋಮು ಹಿಡಿದಿವೆ, ಇದ್ದರೂ ಇರಬಹುದು. ಹದಿನೆಂಟು. ಆಗ ಮೊದಲ ಮೂವರ ಕೈ ಮಾತ್ರ ನೋಡಿದ್ದೆವಲ್ಲ, ಬಹುಮಾನದವರದು, ಉಳಿದ ನಲವತ್ತು ಮಂದಿಯ ಕೈಯನ್ನು ಯಾರು ನೋಡಿದರು, ಅದರಲ್ಲಿ ಎಷ್ಟು ಬರಿದಿದ್ದವು — ಇದು ಹದಿನಾಲ್ಕು ವರ್ಷ ಹೊಳೆಯಲೇ ಇಲ್ಲ. ಹತ್ತೊಂಬತ್ತು. ಊರಿನ ಮೊದಲ ಮನೆಗಳು, ಹಾಲಿನ ಸೈಕಲ್ಲು, ಯಾರೋ ಚಪ್ಪಾಳೆ ತಟ್ಟಿದರು, ಮಾಸ್ತರ್ರಿ, ನಮ್ಮ ಪಿ.ಟಿ. ಮಾಸ್ತರು. ಇರಲಿ ಎಂದು ಬೇಡಿಕೊಳ್ಳಲೋ, ಹೋಗಿರಲಿ ಎನ್ನಲೋ, ಕರಡಿಗೆ ಬಡಿಯುತ್ತಿದೆ, ಶಿವ ಶಿವ, ಶಿವ ಶಿವ, ಇದಕ್ಕೆ ಅರ್ಥವಿಲ್ಲ, ತಾಳ ಮಾತ್ರ.

ಮೈದಾನದ ಗೇಟು, ಸುಣ್ಣದ ಗೆರೆ, ಗೆರೆಯಾಚೆ ಬಾಳು, ತನ್ನ ಹಳೆಯ ಶಿಷ್ಯ, ಈಗ ಅವನೇ ಪಂಚ, ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಹಾಳೆ. ದಾಟಿದ. ಐವತ್ತು ಮೀರಿದವರೊಳಗ ನೀವು ಮೂರನೇದವರ್ರಿ ಸರ, ಇನಾಮು ಐತಿ, ಎಡಗೈ ತೋರಸ್ರಿ. ಎತ್ತಿದ. ಕೈಯನ್ನು ನೋಡಲಿಲ್ಲ, ಬಾಳುವಿನ ಮುಖ ನೋಡಿದ, ಅವನ ಪೆನ್ನು ಹಾಳೆಯ ಮೇಲೆ ಬಂದು ನಿಂತಿತು, ಕಣ್ಣು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು, ಅಷ್ಟರಲ್ಲೇ ತಿಳಿಯಿತು. ಎಲ್ಲೋ ಬಿದ್ದೈತಿ ಬಿಡ್ರಿ ಸರ. ಬ್ಯಾವಿನ ಗಿಡದತನಾ ಹೋಗಿ ಬಂದೀರಿಲ್ರಿ? ಹೋಗಿ ಬಂದೇನಿ. ಮುಗೀತಲ್ರಿ, ನೀವು ಅಂದ್ಮ್ಯಾಲ ರಿಬ್ಬನ್ ಯಾಕ ಬೇಕು. ಬರೀಬ್ಯಾಡೋ ಬಾಳೂ, ನಿಯಮ ಐತಿ. ನಿಯಮ ನೀವಽ ಬರದದ್ದಲ್ರಿ ಸರ ಎಂದು ಬಾಳು ನಗುತ್ತ ಬರೆದುಕೊಂಡ, ಸೋಮಪ್ಪ, ಮೂರು. ಹೋಗಿ ಬಂದೀರಿಲ್ರಿ — ಇಷ್ಟೇ ಪ್ರಶ್ನೆ, ಅರ್ಧ ಉಸಿರಿನದು. ತಾನು ಕೇಳಿರಲಿಲ್ಲ. ರಿಬ್ಬನ್ ಎಲ್ಲಿ ಎಂದು ಕೇಳಿದ್ದ, ಹೋಗಿದ್ದೆಯಾ ಎಂದು ಕೇಳಿರಲಿಲ್ಲ. ಸಾವಂತ್ರೆವ್ವ ಜನರ ನಡುವಿನಿಂದ ಟಾವೆಲ್ಲು ಹಿಡಿದು ಬಂದಳು, ಅವಳೂ ಕೈಯನ್ನು ನೋಡಿದಳು, ಬಹಳ ಹೊತ್ತು ನೋಡಿದಳು, ಕೈ ಇಳಸ್ರಿ ಭಾವಾರ ಎಂದಳು. ಇಳಿಸಬೇಕು. ಇಳಿಯುವುದಿಲ್ಲ. ಬಿಸಿಲಿಗೆ ಎದುರಾಗಿ ಅದು ಅಲ್ಲಿಯೇ ಇದೆ, ಒದ್ದೆ, ಹೊಳೆಯುತ್ತಿದೆ, ಅಂಗೈ ಬಿಡಿಸಿದೆ, ಲಿಂಗವನ್ನು ಇಡಲು ಬಿಡಿಸಿದಂತೆ, ನಾಲ್ಕು ಬೆರಳು ಕೆಳಗೆ ಮಣಿಕಟ್ಟು, ಸುಭಾಸನ ಮಣಿಕಟ್ಟು, ಬರಿದು.