ಹತ್ತಾಬನ ಟ್ರ್ಯಾಕ್ಟರು, ಕಾಡೀರುಳ್ಳಿಯ ಗಡಿ

ಹತ್ತಾಬ ಟ್ರ್ಯಾಕ್ಟರು ತಂದ ದಿನವೇ ನನಗೆ ಅನುಮಾನ ಬಂದಿತ್ತು. ಊರಿನವರೆಲ್ಲ ಅದರ ಸುತ್ತ ನೆರೆದು, ಹುಂಜ ಕೊಯ್ದು ಮುಂದಿನ ಗಾಲಿಗೆ ರಕ್ತ ಹಚ್ಚಿ ಸಂಭ್ರಮ ಪಡುತ್ತಿದ್ದರೆ ನಾನು ನನ್ನ ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ತೀರಾ ದೊಡ್ಡ ಗಾಡಿಯೇನಲ್ಲ, ಬಯಲಿನ ಸಾಹುಕಾರರ ಟ್ರ್ಯಾಕ್ಟರುಗಳ ಮುಂದೆ ಕರು. ಆದರೂ ನನ್ನ ಹೊಲದ ಪಕ್ಕದ ಆ ತುಂಡು ನೆಲ ಉಳುವುದಕ್ಕೆ ಇಷ್ಟು ಬಲ ಯಾಕೆ ಬೇಕು? ಕೈಯಲ್ಲಿ ಬಲ ಬಂದವನು ತನ್ನ ಗಡಿಯಲ್ಲಿ ನಿಲ್ಲುತ್ತಾನೆಯೇ?

ನಮ್ಮ ಕಡೆ ಹೊಲಕ್ಕೆ ಬೇಲಿ ಹಾಕುವುದಿಲ್ಲ. ಎರಡು ತುದಿಗೆ ಎರಡು ಕಲ್ಲು, ಅವುಗಳ ನಡುವೆ ಸಾಲಾಗಿ ಕಾಡೀರುಳ್ಳಿ. ಆ ಗೆಡ್ಡೆಯನ್ನು ಕುರಿ ತಿನ್ನುವುದಿಲ್ಲ, ಬರ ಕೊಲ್ಲುವುದಿಲ್ಲ. ಮೊದಲ ಮಳೆ ಬಿದ್ದರೆ ಸಾಕು, ಹಸಿರು ಎಲೆ ಎತ್ತಿ ಗಡಿ ಇಲ್ಲಿದೆ ಎಂದು ತೋರಿಸುತ್ತದೆ. ಮನುಷ್ಯ ಸುಳ್ಳು ಹೇಳಿಯಾನು, ಕಾಡೀರುಳ್ಳಿ ಹೇಳದು ಎಂದು ನನ್ನ ಗಂಡ ಹೇಳುತ್ತಿದ್ದ. ಅವನು ಹೋದ ಮೇಲೆ ಹೇಸರಗತ್ತೆ ಕಟ್ಟಿ ನಾನೇ ಉತ್ತೆ, ಆ ಸಾಲಿಗೆ ಸರಿಯಾಗಿ, ಒಂದು ಗೇಣೂ ಬಿಡದೆ.

ಹತ್ತಾಬನ ಟ್ರ್ಯಾಕ್ಟರಿನ ಗಾಲಿ ಗುರುತು ವರ್ಷ ವರ್ಷವೂ ನನ್ನ ಹೊಲದ ತುದಿಯಲ್ಲಿ ಬೀಳತೊಡಗಿತು.

"ಏನೋ ಹತ್ತಾಬಾ, ಆ ರಾಕ್ಷಸನ್ನ ತಿರುಗ್ಸೋಕೆ ನನ್ನ ಹೊಲಾನೇ ಬೇಕಾ ನಿಂಗೆ?"

"ಹೇಸರಗತ್ತೆ ಥರ ನಿಂತಲ್ಲೇ ತಿರುಗೋ ಗಾಡಿ ಅಲ್ಲ ಜಾಝಿಯಕ್ಕಾ ಇದು. ನೇಗಿಲು ಮೇಲೆತ್ಕೊಂಡೇ ತಿರುಗಿಸ್ತೀನಿ. ನಿನ್ನ ಮಣ್ಣು ಕೆದಕಲ್ಲ."

"ಮುಟ್ಟಲ್ಲ ಮುಟ್ಟಲ್ಲ ಅನ್ನೋರೇ ಮೊದ್ಲು ಕೈ ಹಾಕೋದು."

ಅವನು ನಕ್ಕು ಹೋಗುತ್ತಿದ್ದ. ಆ ನಗುವೂ ನನಗೆ ಹಿಡಿಸುತ್ತಿರಲಿಲ್ಲ. ಊರಿಗೆಲ್ಲ ಬೇಕಾದವನಾಗಿಬಿಟ್ಟಿದ್ದ ಅವನು. ಬಾವಿ ಬತ್ತಿದರೆ ಅವನ ಟ್ರ್ಯಾಕ್ಟರೇ ನೀರಿನ ಟ್ಯಾಂಕು ಎಳೆದು ತರಬೇಕು, ಒಕ್ಕಣೆಯ ಯಂತ್ರ ತಿರುಗಿಸಬೇಕು, ಹೆರಿಗೆ ನೋವು ಬಂದವಳನ್ನು ಡಾಂಬರು ರಸ್ತೆಗೆ ಮುಟ್ಟಿಸಬೇಕು. ಒಮ್ಮೆ ನನ್ನ ಬಾಗಿಲಿಗೂ ಬಂದು, "ಅಕ್ಕಾ, ನಿಂದೂ ಒಂದು ಸುತ್ತು ಉತ್ತು ಕೊಡ್ಲಾ? ಡೀಸೆಲ್ ದುಡ್ಡೂ ಬೇಡ" ಅಂದ. ಬಿಟ್ಟಿ ಉಳುವವನು ಬಿಟ್ಟಿ ಬಿಡುತ್ತಾನೆಯೇ? ನಾಳೆ ಈ ಹೊಲ ಉತ್ತವನು ನಾನೇ ಎಂದು ನಾಲ್ಕು ಜನರ ಮುಂದೆ ನಿಂತರೆ? ಬೇಡ ಎಂದು ಬಾಗಿಲು ಹಾಕಿಕೊಂಡೆ. ಅನುಮಾನ ಬಲಿತ ಮೇಲೆ ಕಾಡೀರುಳ್ಳಿ ಸಾಲಿನ ನಡುಭಾಗಕ್ಕೆ ಒತ್ತಿ, ನನ್ನ ಕಡೆ, ಬಾದಾಮಿ ಸಸಿ ನೆಟ್ಟೆ. ಗೆಡ್ಡೆ ಸರಿಸಬಹುದು, ಮರ ಸರಿಸಲಿ ನೋಡೋಣ! ತಲೆಯ ಮೇಲೆ ಕೊಡ ಹೊತ್ತು ನೀರು ಹಾಕಿ ಬೆಳೆಸಿದೆ. ಅವು ಈ ವಸಂತದಲ್ಲಿ ಮೊದಲ ಸಲ ಮೈತುಂಬ ಹೂ ಬಿಟ್ಟವು. ಅವುಗಳ ಕಾಯಿ ಮಾರಿಯೇ ಮುಂದಿನ ನನ್ನ ಬದುಕು.

ಈ ಸಲ ಮೊದಲ ಮಳೆ ಬಿದ್ದ ಮರುದಿನ ಅವನು ಉಳುತ್ತಿದ್ದ. ಹೊಲದ ನಡುಮಧ್ಯೆ ಗಾಡಿ ನಿಲ್ಲಿಸಿ ಇಳಿದ. ಗಡಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಒಂದು ಕಾಡೀರುಳ್ಳಿ ಗೆಡ್ಡೆಯನ್ನು ಮಣ್ಣಿಗೆ ತುರುಕಿ ಹಿಮ್ಮಡಿಯಿಂದ ತುಳಿದ. ಆಮೇಲೆ ಇನ್ನೊಂದು. ನನ್ನ ಎರಡು ಕಣ್ಣಿನಿಂದ ನೋಡಿದೆ. ನೇರ ಹಾಜಿ ತೀಜಾನಿಯ ಮನೆಗೆ ಹೋದೆ. ಊರಿನ ಗಡಿ ಜಗಳಗಳಿಗೆಲ್ಲ ಅವರೇ ಹಿರಿಯರು.

"ಹಗ್ಗ ಹಿಡೀರಿ ಹಾಜೀ. ಕಲ್ಲಿಂದ ಕಲ್ಲಿಗೆ. ಅವ್ನು ತಿಂದ ಮಣ್ಣನ್ನ ನಾನು ಕಕ್ಕಿಸ್ದೆ ಬಿಡಲ್ಲ."

ಹಾಜಿ ಹತ್ತಾಬನನ್ನು ಕರೆಸಿದರು. ಹಗ್ಗ ಎಂದದ್ದೇ ತಡ, ಅವನ ಮುಖ ಇಳಿಯಿತು.

"ಅದೆಲ್ಲ ಬೇಡ ಹಾಜೀ. ಅಕ್ಕ ಎಲ್ಲಿ ಅಂತಾಳೋ ಅಲ್ಲೇ ಗಡಿ. ನಾನು ಒಪ್ಕೋತೀನಿ."

"ಕೇಳಿದ್ರಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡು ನೋಡ್ದ!" ಎಂದೆ ನಾನು.

"ಬೇಡಕ್ಕಾ, ನನ್ ಮಾತು ಕೇಳು."

"ನಿನ್ ಮಾತು ಯಾಕೆ? ಹಗ್ಗ ಹೇಳುತ್ತೆ."

ಊರವರ ಬಾವಿಹಗ್ಗಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರು. ಒಂದು ತುದಿ ಮೇಲಿನ ಕಲ್ಲಿಗೆ, ಇನ್ನೊಂದು ಕೆಳಗಿನ ಕಲ್ಲಿಗೆ. ಗಂಡಸರು ಬಿಗಿಯಾಗಿ ಎಳೆದರು. ನಾನು ಹಾಜಿಯ ಪಕ್ಕದಲ್ಲೇ, ಗೆಲ್ಲುವುದಕ್ಕೆ ಸಿದ್ಧಳಾಗಿ ನಿಂತಿದ್ದೆ.

ಹಗ್ಗ ನನ್ನ ಬಾರ್ಲಿ ಹೊಲದ ಒಳಗೆ ಬಂದು ನಿಂತಿತು.

ತುದಿಗಳಲ್ಲಿ ಕಾಡೀರುಳ್ಳಿ ಹಗ್ಗದ ಜೊತೆಗೇ ಇತ್ತು. ನಡುವಿಗೆ ಬರುತ್ತ ಬರುತ್ತ ಸಾಲು ಹೊಟ್ಟೆ ಬಂದವರ ಹಾಗೆ ಹತ್ತಾಬನ ಹೊಲದೊಳಕ್ಕೆ ಉಬ್ಬಿತ್ತು. ಹಗ್ಗಕ್ಕೂ ಸಾಲಿಗೂ ನಡುವೆ ಇದ್ದದ್ದೆಲ್ಲ ಅವನ ಮಣ್ಣು. ಅದರಲ್ಲಿ ನನ್ನ ಬಾರ್ಲಿಯ ಕೂಳೆ. ಅದರಲ್ಲೇ ನನ್ನ ಬಾದಾಮಿ, ಒಂದೂ ಬಿಡದೆ.

"ಮತ್ತೆ ಎಳೀರಿ" ಎಂದೆ. ಮತ್ತೆ ಎಳೆದರು. ಹಗ್ಗ ಅಲ್ಲೇ ನಿಂತಿತು.

ಹಾಜಿ ಮಣ್ಣನ್ನು ಕಾಲಿನಿಂದ ಕೆದಕಿ ನೋಡಿದರು. "ಇವನ ಡಿಸ್ಕ್ ನೇಗಿಲು ಮಣ್ಣನ್ನ ಬಲಕ್ಕೇ ಮಗುಚೋದು. ಗಡಿ ಎಡಕ್ಕಿಟ್ಕೊಂಡು ಉತ್ತಿದಾನೆ. ಪ್ರತಿ ವರ್ಷ ಗೆಡ್ಡೆ ಮಣ್ಣಿನ ಜೊತೆ ಇವನ ಕಡೆಗೇ ಉರುಳಿದೆ. ತುದೀಲಿ ನೇಗಿಲು ಮೇಲೆತ್ತೋದ್ರಿಂದ ಅಲ್ಲಿ ಮಾತ್ರ ಸರಿದಿಲ್ಲ. ಜಾಝಿಯಾ, ನೀನು ಗೆಡ್ಡೆ ನಂಬ್ಕೊಂಡು ಅದ್ರ ಹಿಂದೆ ಹಿಂದೇನೇ ಉತ್ಕೊಂಡು ಹೋಗಿದೀಯ."

ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಹತ್ತಾಬನ ಕಡೆ ತಿರುಗಿದೆ.

"ನಿಂಗೆ ಗೊತ್ತಿತ್ತು! ನಿನ್ನ ನೆಲದಲ್ಲಿ ನನ್ನ ಕೈಲಿ ಮರ ನೆಡಿಸಿ, ನೀರು ಹೊರಿಸಿ, ಕಾಯಿ ಬಿಡೋವರೆಗೂ ಬಾಯಿ ಮುಚ್ಕೊಂಡಿದ್ದೆ. ಹೌದಾ ಅಲ್ವಾ?"

ಹತ್ತಾಬ ನನ್ನೆದುರಿಗೆ ಬಂದು ನಿಂತ.

"ಗೊತ್ತಿತ್ತು. ಎರಡನೇ ವರ್ಷಕ್ಕೇ ಗೊತ್ತಾಯ್ತು. ಉರುಳಿದ ಗೆಡ್ಡೆ ಒಣಗಬಾರ್ದು ಅಂತ ಬಿದ್ದಲ್ಲೇ ಹೂಳ್ತಾ ಬಂದೆ. ವಾಪಸ್ ನಿನ್ನ ಕಡೆ ಇಡೋಕೆ ಹೋಗಿದ್ರೆ, ಹತ್ತಾಬ ಗಡಿ ಕಿತ್ತ ಅಂತ ಊರು ತುಂಬ ಕೂಗ್ತಿದ್ದೆ ನೀನು. ನೀನೇ ಹೇಳಕ್ಕಾ. ಅಕ್ಕಾ, ಗಡಿ ನನ್ನೊಳಗೆ ಬಂದಿದೆ, ಇಲ್ಲಿ ಮರ ನೆಡಬೇಡ ಅಂತ ನಾನು ಹೇಳಿದ್ರೆ ನಂಬ್ತಿದ್ಯಾ?"

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹೌದು ಅಂದುಬಿಟ್ಟರೆ ಮುಗಿದಿತ್ತು, ತಪ್ಪೆಲ್ಲ ಅವನ ತಲೆಗೆ. ಅದು ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲ" ಎಂದೆ. "ನಂಬ್ತಿರಲಿಲ್ಲ."

ಹಾಜಿ ನಮ್ಮ ಕಡೆಯ ಪದ್ಧತಿಯಂತೆ ತೀರ್ಪು ಕೊಟ್ಟರು: ನೆಲ ಹತ್ತಾಬನದು, ಮರ ನೆಟ್ಟವಳದು, ಕಾಯಿ ಅರ್ಧರ್ಧ. ಅರ್ಧ ತನಗೆ ಬೇಡ, ಅಕ್ಕ ಇರುವವರೆಗೆ ಅಷ್ಟೂ ಅವಳೇ ತಿನ್ನಲಿ ಎಂದ ಹತ್ತಾಬ. ಯಾಕೆ ಬೇಡವಂತೆ, ಇದರಲ್ಲಿ ಏನಿಟ್ಟಿದ್ದಾನೆ ಎಂದು ನನ್ನ ಮನಸ್ಸು ಆಗಲೇ ಹುಡುಕತೊಡಗಿತ್ತು. ಅದು ನನಗೇ ತಿಳಿದು, ಅಷ್ಟು ಜನರ ನಡುವೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ತೆಗೆದುಕೊಂಡೆ. ಮೊದಲ ಗೆಡ್ಡೆ ಕಿತ್ತು, ಹಗ್ಗದ ಕೆಳಗೆ ಗುಂಡಿ ತೋಡಿ ನೆಟ್ಟೆ. ನನ್ನ ಬಾದಾಮಿಗಳು ಆಚೆ ಉಳಿದವು. ಹತ್ತಾಬ ಬಂದು ಎದುರಿಗೆ ಮಂಡಿಯೂರಿ ಎರಡನೇ ಗೆಡ್ಡೆ ಎತ್ತಿಕೊಂಡ. ಅವನು ಅದನ್ನು ಎಲ್ಲಿ ಇಡುತ್ತಾನೆ ಎಂದು ನೋಡಲೇಬಾರದು ಎಂದು ತಲೆ ತಗ್ಗಿಸಿ ಅಗೆಯುತ್ತ ಹೋದೆ. ಅಷ್ಟು ಕಷ್ಟದ ಕೆಲಸ ನಾನು ಹೊಲದಲ್ಲಿ ಇನ್ನೊಂದು ಮಾಡಿಲ್ಲ.