ಎಡಗೆನ್ನೆಯ ಗಡ್ಡ

ಬೆಳಗಿನಿಂದ ರೋಗಿಗಳನ್ನು ನೋಡಿ ನೋಡಿ ಡಾಕ್ಟರಮ್ಮನಿಗೆ ಸಾಕುಸಾಕಾಗಿತ್ತು. ಮಧ್ಯಾಹ್ನದ ಊಟ ಡಬ್ಬಿಯಲ್ಲೇ ತಣ್ಣಗಾಗಿತ್ತು. ಎದುರಿಗೆ ಕೂತಿದ್ದ ಕ್ಷೌರಿಕ ಗುಂಡುಕಲ್ಲಿನಂಥ ಆಳು, ಈವರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವನಲ್ಲ. ವಾರದಿಂದ ತಲೆನೋವಂತೆ. ಜ್ವರವಿಲ್ಲ, ರಕ್ತಪರೀಕ್ಷೆಯಲ್ಲೂ ಏನೂ ಸಿಕ್ಕಿಲ್ಲ. ಇಂಥ ತಲೆನೋವುಗಳಿಗೇನು ಬರವೇ? ಆಕೆ ಮಾತ್ರೆ ಬರೆದು ಚೀಟಿ ಚಾಚಿದಳು.

ಅವನ ಹೆಂಡತಿ ಚೀಟಿ ಇಸಿದುಕೊಂಡು ಗೊಣಗಿದಳು: “ಸೋಮಾರಿತನಕ್ಕೂ ಒಂದು ಮಾತ್ರೆ ಬರೀರಿ ಮೇಡಂ. ಊರವರ ಗಡ್ಡವೆಲ್ಲ ಬೋಳಿಸ್ತಾರೆ, ತಮ್ಮದು ಮಾತ್ರ ಅರ್ಧಕ್ಕೇ ಬಿಟ್ಟು ಬಂದಿದಾರೆ.”

ಹೌದು, ಬಲಗೆನ್ನೆ ನುಣ್ಣಗಿತ್ತು, ಎಡಗೆನ್ನೆಯ ತುಂಬ ಗಡ್ಡ. ಡಾಕ್ಟರಮ್ಮನಿಗೆ ನಗು ಬಂತು.

“ಅರ್ಧ ಎಲ್ಲೇ? ಪೂರ್ತಿ ಮಾಡ್ಕೊಂಡಿದೀನಿ. ನನ್ನ ಕಸುಬು ನಂಗೇ ಹೇಳಿಕೊಡ್ತೀಯಾ?” ಎಂದು ಅವನು ರೇಗಿದ.

ಅವನು ತಮಾಷೆ ಮಾಡುತ್ತಿರಲಿಲ್ಲ. ಆಕೆಯ ನಗು ಅಲ್ಲೇ ನಿಂತಿತು.

“ಮೇಜಿನ ಮೇಲೆ ಏನೇನಿದೆ ಹೇಳಿ.”

“ಲೋಟ. ಫೋನು. ಅಷ್ಟೇ.”

ಅವನ ಎಡಕ್ಕೆ ಊಟದ ಡಬ್ಬಿ ಎದ್ದು ಕಾಣುವಂತೆ ಕೂತಿತ್ತು.

“ಹಲ್ಲುನೋವು, ಕಿವಿನೋವು ಏನಾದ್ರೂ ಇತ್ತಾ?”

“ಹೋದ ತಿಂಗಳು ದವಡೆ ಊದಿತ್ತು. ತಾನಾಗೇ ಇಳೀತು,” ಎಂದಳು ಹೆಂಡತಿ. ಅವಳ ದನಿ ಈಗ ಸಣ್ಣಗಾಗಿತ್ತು.

ಡಾಕ್ಟರಮ್ಮ ಚೀಟಿಯನ್ನು ವಾಪಸು ತೆಗೆದುಕೊಂಡು ಸ್ಕ್ಯಾನಿಗೆ ಕಳಿಸಿದಳು. ಮಿದುಳಿನ ಬಲಭಾಗದಲ್ಲಿ ಕೀವು ಗಂಟುಕಟ್ಟಿ ಕೂತಿತ್ತು. ಹಲ್ಲಿನ ಸೋಂಕು ರಕ್ತದೊಡನೆ ಅಲ್ಲಿಗೆ ಹೋಗಿ ಬೀಡುಬಿಟ್ಟು, ಅವನ ಪಾಲಿಗೆ ಎಡಗಡೆಯೆಂಬುದನ್ನೇ ಇಲ್ಲವಾಗಿಸಿತ್ತು. ಕೀವು ಒಳಗೇ ಒಡೆದಿದ್ದರೆ ಜೀವ ಉಳಿಯುವುದು ಕಷ್ಟವಿತ್ತು. ಅಂದೇ ತಲೆ ಬೋಳಿಸಿ, ಬುರುಡೆಗೆ ರಂಧ್ರ ಕೊರೆದು ಕೀವು ತೆಗೆದರು.

ಆಮೇಲಿನ ದಿನಗಳಲ್ಲಿ ಡಾಕ್ಟರಮ್ಮನಿಗೆ ಊಟ ಸೇರಲಿಲ್ಲ. ಆ ಹೆಂಗಸು ಬಾಯಿಮುಚ್ಚಿಕೊಂಡು ಚೀಟಿ ಹಿಡಿದು ಹೊರಟಿದ್ದರೆ? ಯಾವ ರೋಗಿಯನ್ನು ಕಳಿಸುವಾಗಲೂ ಕೈ ತಡೆಯುತ್ತಿತ್ತು. ಅವನು ಉಳಿದನೆಂದು ಎಲ್ಲರೂ ಹೇಳಿದರೂ, ಎಡಗಡೆ ಮರಳುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅರ್ಧ ಲೋಕ ಕಾಣದವನ ಕೈಗೆ ಯಾರು ತಾನೇ ಕತ್ತು ಕೊಟ್ಟಾರು?

ಒಂದು ಬೆಳಗ್ಗೆ ಆಕೆ ಕಾಲೆಳೆದುಕೊಂಡು ವಾರ್ಡಿಗೆ ಬಂದರೆ, ಅವನು ಹೆಂಡತಿ ಹಿಡಿದ ಕನ್ನಡಿಯಲ್ಲಿ ತಲೆ ನೋಡಿಕೊಂಡು ಕೆಂಡವಾಗಿದ್ದ.

“ಯಾವನ್ರೀ ಇದನ್ನ ಬೋಳಿಸಿದ್ದು? ಕಿವಿ ಮೇಲೆ ಒಂದು ಹಿಡಿ ಕೂದಲು ಹಾಗೇ ಬಿಟ್ಟಿದಾನೆ! ಅವನಿಗೇನು ಕಣ್ಣು ಕಾಣಲ್ವಾ?”

ಡಾಕ್ಟರಮ್ಮ ಹಾಸಿಗೆಯ ತುದಿಯಲ್ಲಿ ಕೂತಳು.

“ಯಾವ ಕಿವಿ?”

“ಎಡಗಿವಿ!”

“ಇನ್ನೊಂದ್ಸಲ ಹೇಳಿ,” ಎಂದು ಆಕೆ ಕಣ್ಣೊರೆಸಿಕೊಂಡಳು.