ಸುಶೀಲವ್ವನ ಹವಳದ ಸರ

ಕೆಂಪು ಹರಳಿನ ಪದಕವನ್ನು ಒದ್ದೆ ಬಟ್ಟೆಯಿಂದ ಒರೆಸಿ ನಿರ್ಮಲಾ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಇನ್ನೂ ಒಂದಿಷ್ಟು ಕೊಳೆ ಕೂತಿತ್ತು. ಬೇವಿನ ಕಡ್ಡಿಯ ತುದಿಗೆ ಹತ್ತಿ ಸುತ್ತಿ ಮೆಲ್ಲಗೆ ಎಬ್ಬಿಸಿದಳು. ಹವಳಕ್ಕೆ ಸೋಪು ತಾಗಿಸುವಂತಿಲ್ಲ, ಹುಣಸೆಹಣ್ಣನ್ನಂತೂ ಹತ್ತಿರ ತರುವಂತಿಲ್ಲ. ನಡುನಡುವೆ ಇದ್ದ ಬೆಳ್ಳಿ ಗುಂಡುಗಳನ್ನು ಮಾತ್ರ ವಿಭೂತಿಯಿಂದ ಒಂದೊಂದಾಗಿ ಉಜ್ಜಬೇಕು. ಕಪ್ಪಾದ ಬಟ್ಟೆಯನ್ನು ಕಿಟಕಿಯ ಮೇಲೆ ಹರವಿ, ಸರವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬೆಳ್ಳಿ ಮತ್ತೆ ಕಪ್ಪಾಗದಿರಲೆಂದು ಎರಡು ಸೀಮೆಸುಣ್ಣದ ತುಂಡುಗಳ ಜೊತೆ ಡಬ್ಬಿಯಲ್ಲಿಟ್ಟು ಟ್ರಂಕಿಗೆ ಸೇರಿಸಿದಳು.

ಸರ ಅವಳದಲ್ಲ. ಹಳಿಯಾಳದ ಶಾಲೆಯಲ್ಲಿ ಅವಳು ಮಾಸ್ತರಿಕೆ ಮಾಡುವಾಗ ಸುಶೀಲವ್ವ ಅಲ್ಲೇ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಬಾಡಿಗೆ ಕೋಣೆಗಳೂ ಅಕ್ಕಪಕ್ಕ. ಶಾಲೆಯಲ್ಲಿ ಎಲ್ಲರಂತೆ ಮರ್ಯಾದೆಗೆ 'ಅಕ್ಕಾರ' ಎನ್ನುತ್ತಿದ್ದವಳು ಮನೆಗೆ ಬಂದೊಡನೆ 'ನಿರ್ಮಲಾ' ಎನ್ನುತ್ತಿದ್ದಳು. ಅಪ್ಪ ಅವ್ವ ಹೋದ ಮೇಲೆ ಹಾಗೆ ಕರೆಯುವವರು ಬೇರೆ ಯಾರೂ ಇರಲಿಲ್ಲ. ಏಳು ವರ್ಷದ ಹಿಂದೆ ಸುಶೀಲವ್ವ ಗೋವಾದಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದಳು. ಹೋಗುವ ದಿನ ತನ್ನ ಅವ್ವನ ಸರ ತಂದು ಇವಳ ಕೈಯಲ್ಲಿಟ್ಟು, "ಮಂದೀ ಮನ್ಯಾಗ ಎಲ್ಲಿ ಇಟ್ಕೊಳ್ಳಲಿ? ನಿನ್ನ ಕಡೆ ಇರಲಿ" ಎಂದಿದ್ದಳು.

ಮೊದಮೊದಲು ವಾರಕ್ಕೊಮ್ಮೆ ಫೋನು ಬರುತ್ತಿತ್ತು. "ಸರ ಹೆಂಗೈತಿ?" ಎಂದು ಶುರುವಾಗಿ ಗಂಟೆಗಟ್ಟಲೆ ಎಲ್ಲೆಲ್ಲಿಗೋ ಹೋಗುತ್ತಿತ್ತು ಮಾತು. ಆಮೇಲೆ ತಿಂಗಳಿಗೊಮ್ಮೆ ಆಯಿತು. ಅದೂ ನಿಂತಾಗ ನಿರ್ಮಲಾಳೇ ಫೋನು ಮಾಡತೊಡಗಿದಳು. ಸುಮ್ಮನೆ ಹೇಗೆ ಮಾಡುವುದು? ಅದಕ್ಕೇ ಸರ ತೊಳೆಯುತ್ತಿದ್ದಳು. "ಇವತ್ತ ಸರ ತೊಳದೆ ನೋಡು" ಎನ್ನಲು ಒಂದು ಕಾರಣ ಸಿಗುತ್ತಿತ್ತು.

ಅಂದೇ ಮಧ್ಯಾಹ್ನ ಸುಶೀಲವ್ವ ಬಂದಳು. ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ರೊಟ್ಟಿ, ಬದನೆಕಾಯಿ ಎಣಗಾಯಿ ನೋಡಿ ನಕ್ಕಳು. ಎರಡು ತುತ್ತು ತಿಂದು ಹೇಳಿದಳು: "ನಾಡದು ರಾಮನಗರದಾಗ ಸಹನಾನ ಕುಬಸ ಐತಿ. ಸರ ಒಯ್ಯಾಕ ಬಂದೇನಿ. ಮಗಳ ಕೊಳ್ಳಾಗ ಹಾಕಿಬಿಡ್ತೇನಿ, ಇನ್ನ ಆಕಿ ಕಡೇನ ಇರ್ಲಿ."

ಸಹನಾ ಬಸುರಿ ಎಂಬುದೇ ನಿರ್ಮಲಾಳಿಗೆ ಗೊತ್ತಿರಲಿಲ್ಲ. "ಎಷ್ಟರಾಗ ಅದಾಳ?"

"ಏಳರಾಗ."

ಈ ಏಳು ತಿಂಗಳಲ್ಲಿ ಮೂರು ಸಲ ಫೋನಿನಲ್ಲಿ ಮಾತಾಗಿತ್ತು. ಮೂರು ಸಲವೂ ಸರದ ಮಾತೇ.

"ಸರ ಇಲ್ಲ ಸುಶೀಲಾ," ಎಂದಳು ನಿರ್ಮಲಾ. ಮಾತು ತಾನಾಗಿಯೇ ಬಾಯಿಂದ ಬಂದಿತ್ತು. "ದಾರ ಹರಿದಿತ್ತು. ಪೋಣಿಸಾಕ ಬೆಳಗಾವಿಗೆ ಕಳಿಸೇನಿ. ಮುಂದಿನ ತಿಂಗಳ ಬಂದ ಒಯ್ಯಿ."

ಸುಶೀಲವ್ವ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟಳು. ಅವಳ ಕಣ್ಣು ಕಿಟಕಿಯ ಕಡೆ ಹೋಯಿತು. ಅಲ್ಲಿ ವಿಭೂತಿ ಹತ್ತಿದ, ಕಪ್ಪು ಗೆರೆಗಳ ಒದ್ದೆ ಬಟ್ಟೆ ಗಾಳಿಗೆ ಅಲುಗುತ್ತಿತ್ತು. ನಿರ್ಮಲಾಳ ಬೆರಳ ತುದಿಗಳಲ್ಲೂ ಅದೇ ಕಪ್ಪು.

"ಹೌದೇನು," ಎಂದಳು ಸುಶೀಲವ್ವ. ತಲೆ ತಗ್ಗಿಸಿ ರೊಟ್ಟಿ ತಿನ್ನತೊಡಗಿದಳು. ಒಂದು ಮುಗಿಯಿತು, ಬೇಕೆನ್ನದಿದ್ದರೂ ನಿರ್ಮಲಾ ಇನ್ನೊಂದು ಹಾಕಿದಳು. ಅದನ್ನೂ ತಿಂದಳು.

ನಿರ್ಮಲಾ ಎದ್ದು ಹೋಗಿ ಟ್ರಂಕು ತೆಗೆದಳು. ಡಬ್ಬಿಯನ್ನು ತಂದು ತಟ್ಟೆಯ ಪಕ್ಕ ಇಟ್ಟಳು. ಮುಖ ಎತ್ತಲಿಲ್ಲ.

ಸುಶೀಲವ್ವ ಕೈ ತೊಳೆದು ಬಂದು ಡಬ್ಬಿಯೊಳಗಿನ ಬಟ್ಟೆ ಬಿಚ್ಚಿದಳು. "ಅವ್ವನ ಕೊಳ್ಳಾಗೂ ಹಿಂಗ ಹೊಳೀತಿರಲಿಲ್ಲ" ಎಂದಳು. ಹವಳಗಳ ಮೇಲೆ ಬೆರಳಾಡಿಸುತ್ತ ಕೇಳಿದಳು: "ಇಷ್ಟ ವರ್ಷದಾಗ ಒಮ್ಮೆರ ನೀ ಹಾಕ್ಕೊಂಡೀಯೇನು?"

"ಇಲ್ಲ. ನಿಂದಲ್ಲಾ ಅದು."

"ಹಾಕ್ಕೊಂಡಿದ್ರ ಬೆಳ್ಳಿ ಕಪ್ಪ ಆಗ್ತಿರಲಿಲ್ಲ, ಹುಚ್ಚಿ." ತಿರುಗಿ ಕೂತು ತುರುಬನ್ನು ಎತ್ತಿ ಹಿಡಿದಳು. "ಕಟ್ಟು. ಬಸ್ಸಿನ್ಯಾಗ ಚೀಲಕ್ಕಿಂತ ಕೊಳ್ಳಾಗ ಇರೂದ ಚಲೋ."

ಕುತ್ತಿಗೆಯ ಹಿಂದೆ ಬಿಳಿ ಕೂದಲು ಬೆವರಿಗೆ ಅಂಟಿಕೊಂಡಿದ್ದವು. ನಿರ್ಮಲಾ ಅವನ್ನು ಸರಿಸಿ ಎರಡು ಗಂಟು ಹಾಕಿದಳು. ಸಾಲದೆನಿಸಿ ಮೂರನೆಯದನ್ನೂ ಹಾಕಿದಳು. ಸುಶೀಲವ್ವ ಸರದ ಮೇಲೆ ಸೆರಗು ಹೊದ್ದು ಎದ್ದಳು.

ಬಸ್‌ಸ್ಟ್ಯಾಂಡಿನಲ್ಲಿ ಗೋವಾ ಗಡಿಯ ರಾಮನಗರದ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಕೂತ ಸುಶೀಲವ್ವ, "ಒಮ್ಮೆ ಗೋವಾದ ಕಡೆ ಬರ್ರಿ" ಎಂದಳು. ಯಾವಾಗ, ಎಲ್ಲಿಗೆ, ಏನೂ ಹೇಳಲಿಲ್ಲ. ಕುಬಸದ ಮಾತೂ ಬರಲಿಲ್ಲ. ಬಸ್ಸು ಹೊರಟಾಗ ಕೈ ಎತ್ತಿ, "ಬರ್ತೇನ್ರಿ ಅಕ್ಕಾರ" ಎಂದಳು. ಪಕ್ಕದ ಸೀಟಿನಲ್ಲಿ ಜನ ಇದ್ದರೆಂದು ಹಾಗೆ ಅಂದಳೋ ಏನೋ.

ನಿರ್ಮಲಾ ಬಂದ ದಾರಿ ಬಿಟ್ಟು ಊರ ಹೊರಗಿನ ರಸ್ತೆ ಹಿಡಿದಳು. ಅಲ್ಲಿ ಡಾಂಬರಿನ ಉದ್ದಕ್ಕೂ ಗೋವಿನಜೋಳ ಒಣಹಾಕಿದ್ದರು. ಕಾಲಿಡಲು ಜಾಗವಿಲ್ಲದೆ ಅಂಚಿನಲ್ಲಿ ನಿಂತಳು. ಕಾಲಿನಿಂದ ಕಾಳು ಕೆದರುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿ, "ಹಾದು ಹೋಗ್ರಿ, ಏನಾಗಂಗಿಲ್ಲ" ಎಂದಳು.

ನಿರ್ಮಲಾ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು. ಇಳಿಬಿಸಿಲಿಗೂ ಕಾಳು ಬೆಚ್ಚಗಿತ್ತು. ಬೆರಳು ಮುಳುಗುವಷ್ಟು ಅದರಲ್ಲಿ ಪಾದ ಹೂತು ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಳು.